ಸುರಂಗದಲ್ಲಿ ಒಬ್ಬರು ಹೆಚ್ಚು

ನಾಯ್ಮಾರ್ಮೂಲೆ
6 ಏಪ್ರಿಲ್ 2025, ಆದಿತ್ಯವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನೀನು ಬೈಯುವ ಮೊದಲೇ ಹೇಳಿಬಿಡುತ್ತೇನೆ, ಬರೆಯಲು ತಡವಾದದ್ದು ನನ್ನ ಸೋಮಾರಿತನದಿಂದಲೇ. ಬಾಣಂತಿಯ ಕಣ್ಣಿಗೆ ಒಳ್ಳೆಯದಲ್ಲ ಎಂದು ನಿನ್ನ ಅತ್ತೆ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ, ಕಾಗದ ಬರೆದರೆ ಓದಲು ಬಿಡುತ್ತಾರಂತೆ ಎಂದು ಅಮ್ಮ ಹೇಳಿದಾಗ ನಾನು ನಗಾಡಿದೆ. ಫೋನ್ ನೋಡಿದರೆ ಕೆಡುವ ಕಣ್ಣು ನನ್ನ ಕೋಳಿಕಾಲು ಅಕ್ಷರ ಓದಿದರೆ ಕೆಡುವುದಿಲ್ಲವಾ ಅಂತ. ಅಮ್ಮನಿಗೆ ನಗು ಬರಲಿಲ್ಲ. ನಿನ್ನ ಮೊದಲ ಹೆರಿಗೆಯಲ್ಲಿ ಅವರೂ ಟಿ.ವಿ.ಯ ವಯರ್ ತೆಗೆದು ಅಡಗಿಸಿ ಇಟ್ಟಿದ್ದರಲ್ಲ.

ಪುಟ್ಟಿ ಹೇಗಿದ್ದಾಳೆ? ರಾತ್ರಿ ಹಗಲು ಅದಲುಬದಲು ಮಾಡುತ್ತಾಳಾ? ದೊಡ್ಡವನಿಗೆ ಸ್ಕೂಲಿಗೆ ರಜೆ ಬೇರೆ, ನಿನ್ನ ತಲೆ ತಿನ್ನುತ್ತಿರಬಹುದು. ಭಾವ ಪಾಪ ಆಫೀಸಿಗೆ ಹೋಗಿ ತಪ್ಪಿಸಿಕೊಳ್ಳುತ್ತಾರೆ. ಸುರತ್ಕಲ್‌ನ ಸೆಖೆಯಲ್ಲಿ ನಾಲ್ಕನೇ ಮಾಳಿಗೆಯ ಫ್ಲಾಟಿನಲ್ಲಿ ಬಾಣಂತಿ ನೀರು ಮೀಯುವುದನ್ನು ನೆನೆದರೇ ನನಗೆ ಬೆವರು ಬರುತ್ತದೆ.

ನನ್ನ ಸುದ್ದಿ ಎಂತ ಹೇಳುವುದು. ಕಾಞಂಗಾಡಿನಿಂದ ಇಲ್ಲಿಯ ಲೇಬರ್ ಆಫೀಸಿಗೆ ವರ್ಗ ಆದ ಮೇಲೆ ಮನೆಗೆ ಹತ್ತಿರ ಆಯಿತು, ಅಷ್ಟೇ ಲಾಭ. ಹೋಟೆಲು, ಕಲ್ಲಿನ ಕೋರೆ, ಮಿಲ್ಲು ಎಂದು ತಿರುಗುತ್ತಿದ್ದೆ. ಈಗ ಗೇರುಬೀಜದ ಸೀಸನ್. ಪರೀಕ್ಷೆ ಮುಗಿದ ಮಕ್ಕಳೆಲ್ಲ ಬೀಜ ಹೆಕ್ಕಲು ಗುಡ್ಡೆಗೆ ಹೋಗುತ್ತಾರೆ, ನಾವೂ ಹೋಗಿದ್ದೇವಲ್ಲ, ಅಜ್ಜನ ಮನೆಯ ಹಿಂದೆ. ಅದು ಬೇರೆ. ನಮಗೆ ಬೇಡ ಅನಿಸಿದಾಗ ಮನೆಗೆ ಓಡಬಹುದಿತ್ತು.

ಬೋವಿಕಾನದಿಂದ ಒಳಗೆ ನೆಕ್ಕರೆಗುಡ್ಡೆ ಅಂತ ಒಂದು ಜಾಗ ಉಂಟು. ಆ ವಾರ್ಡಿನ ಆಶಾ ವರ್ಕರ್ ನಮ್ಮ ಆಫೀಸಿಗೆ ಬಂದು ಹೇಳಿದರು, ಅಲ್ಲಿ ಸಣ್ಣ ಸಣ್ಣ ಮಕ್ಕಳ ಕೈ ಸುಟ್ಟ ಹಾಗೆ ಆಗಿದೆ, ಬೀಜದ ಸೊನೆಯದ್ದು ಮಾತ್ರ ಅಲ್ಲ, ಹೂವು ಉದುರಬಾರದು ಎಂದು ಮರಕ್ಕೆ ಔಷಧಿ ಹೊಡೆಯುತ್ತಾರೆ, ಅದರ ಅಡಿಯಲ್ಲಿಯೇ ಮಕ್ಕಳು ಹೆಕ್ಕುತ್ತಾರೆ ಅಂತ. ಹೆಲಿಕಾಪ್ಟರಿನಿಂದ ಗೇರು ತೋಟಕ್ಕೆ ಸುರಿದ ವಿಷ ಎಷ್ಟೋ ಮನೆಯ ಮಕ್ಕಳನ್ನು ಹಾಳು ಮಾಡಿದ ನಮ್ಮ ಜಿಲ್ಲೆಯಲ್ಲಿ ಗೇರು ಮತ್ತು ಔಷಧಿ ಎಂಬ ಎರಡು ಶಬ್ದ ಒಟ್ಟಿಗೆ ಬಂದರೆ ಜನ ಮಾತು ನಿಲ್ಲಿಸುತ್ತಾರೆ, ನಿನಗೆ ಗೊತ್ತಲ್ಲ. ನಾನು ಮತ್ತು ಆಫೀಸಿನ ಸುಧೀರ್ ಜೀಪಿನಲ್ಲಿ ಹೋದೆವು.

ಅಕ್ಕ, ಗುಡ್ಡೆಯಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ಗುಡ್ಡೆ ನಾನು ನೋಡಿಲ್ಲವೆಂದಲ್ಲ. ಇದು ಹಾಗಲ್ಲ. ಮರದ ಅಡಿಯಲ್ಲಿ ಬಕೆಟ್‌ಗಳು ನಿಂತಿದ್ದವು, ಅರ್ಧ ತುಂಬಿದ್ದು. ಒಂದು ಹಣ್ಣಿನಿಂದ ಬೀಜವನ್ನು ಪೂರ್ತಿ ತಿರುಚಿರಲಿಲ್ಲ, ರಸ ಇನ್ನೂ ಒಸರುತ್ತಿತ್ತು. ಒಂದು ಕೊಂಬೆಗೆ ಹಗ್ಗದ ಉಯ್ಯಾಲೆ ಕಟ್ಟಿದ್ದರು. ಗಾಳಿ ಇರಲಿಲ್ಲ, ಉಯ್ಯಾಲೆ ಮಾತ್ರ ಮೆಲ್ಲ ಆಚೆ ಈಚೆ ಹೋಗುತ್ತಿತ್ತು. ನಾನು ಕೈಯಲ್ಲಿ ಹಿಡಿದು ನಿಲ್ಲಿಸಿದೆ. ಹಗ್ಗ ಬಿಸಿಯಾಗಿತ್ತು, ಯಾರೋ ಆಗಷ್ಟೇ ಹಿಡಿದುಕೊಂಡಿದ್ದ ಹಾಗೆ.

ಗುಡ್ಡೆಯನ್ನು ಈ ಸೀಸನ್‌ಗೆ ಗುತ್ತಿಗೆ ಹಿಡಿದ ಲೋಕನಾಥ ಎಂಬವರು ಮೇಲಿನಿಂದ ಇಳಿದು ಬಂದರು. ತುಂಬ ಮರ್ಯಾದೆಯ ಮನುಷ್ಯ. ಎಳನೀರಿನ ಬೊಂಡ ಕೆತ್ತಿ ಕೊಟ್ಟರು. “ಮಕ್ಕಳಾ? ಇಲ್ಲಿ ಎಂತ ಮಕ್ಕಳು ಮೇಡಂ? ಎರಡು ಮುದುಕಿಯರನ್ನು ಇಟ್ಟುಕೊಂಡು ಹೇಗೋ ಸುಧಾರಿಸುತ್ತೇನೆ.”

ಉಯ್ಯಾಲೆ ಯಾರದ್ದು ಎಂದು ಕೇಳಿದೆ. “ಅದು ಮೊದಲಿಂದ ಉಂಟು.”

ಆಮೇಲೆ ಅವರೇ ಶುರು ಮಾಡಿದರು. “ಹದಿನಾಲ್ಕು ಕಳೆದವರು ಮಾಡಬಹುದಲ್ಲ? ಕಾನೂನು ನಾನೂ ಸ್ವಲ್ಪ ಓದಿದ್ದೇನೆ.”

“ಮಾಡಬಹುದು” ಎಂದೆ. “ಬೆಳಿಗ್ಗೆ ಎಂಟರ ಮೊದಲು ಇಲ್ಲ, ಸಂಜೆ ಏಳರ ಮೇಲೆ ಇಲ್ಲ. ಮೂರು ಗಂಟೆ ಮಾಡಿದರೆ ಒಂದು ಗಂಟೆ ಕೂತುಕೊಳ್ಳಬೇಕು. ವಿಷದ ಔಷಧಿಯನ್ನಂತೂ ಮುಟ್ಟಿಸುವ ಹಾಗೇ ಇಲ್ಲ. ಹದಿನಾಲ್ಕರ ಒಳಗಿನವರು ತಮ್ಮ ಮನೆಯದ್ದೇ ತೋಟ ಆದರೆ, ಶಾಲೆ ಬಿಟ್ಟ ಮೇಲೆ ಕೈ ಹಾಕಬಹುದು. ನಿಮ್ಮ ಹತ್ತಿರ ಅಲ್ಲ.”

“ಸರಿಯಾಗಿ ಹೇಳಿದಿರಿ” ಎಂದರು ಲೋಕನಾಥ, ಮಗ್ಗಿ ಒಪ್ಪಿಸಿದ ಮಗುವಿಗೆ ಮಾಸ್ಟ್ರು ಹೇಳುವ ಹಾಗೆ.

ನಾವು ಜೀಪು ಹತ್ತಿದೆವು. ಮೊದಲ ತಿರುವು ದಾಟಿದ್ದೇ ತಡ, ಹಿಂದಿನಿಂದ ಮಕ್ಕಳು ನಗುವುದು ಕೇಳಿಸಿತು. ಒಬ್ಬಿಬ್ಬರಲ್ಲ. ಸುಧೀರ್ ಬ್ರೇಕ್ ಒತ್ತಿದ. ನಗು ಅಲ್ಲಿಗೇ ನಿಂತಿತು. “ಹೋಗುವ” ಎಂದೆ.

ಇದನ್ನು ಅಮ್ಮನಿಗೆ ಹೇಳಲಿಲ್ಲ. ಬೋವಿಕಾನ ಅವರ ತವರು, ಇಲ್ಲಿ ಹೇಳಿದ್ದು ಅಲ್ಲಿ ಮುಟ್ಟಲು ಒಂದು ಫೋನ್ ಸಾಕು. ನಿನಗಾದರೋ ಫೋನೇ ಇಲ್ಲ. ಹಾಗಾಗಿ ನಿನಗೇ ಬರೆದೆ.

ಪುಟ್ಟಿಯ ಅಂಗಾಲಿಗೆ ಒಂದು ಮುತ್ತು ಕೊಡು. ಅತ್ತೆಗೆ ನನ್ನ ನಮಸ್ಕಾರ ಹೇಳು.

ನಿನ್ನ
ವಾಣಿ


ನಾಯ್ಮಾರ್ಮೂಲೆ
17 ಏಪ್ರಿಲ್ 2025

ಅಕ್ಕಾ,

ನಿನ್ನ ಕಾಗದ ಬಂತು. ಪುಟ್ಟಿ ನಿದ್ದೆಯಲ್ಲಿ ನಗುತ್ತಾಳೆ ಎಂದು ಬರೆದದ್ದನ್ನು ಎರಡು ಸಲ ಓದಿದೆ. ವಿಷು ಕಣಿಗೆ ಈ ಸಲ ಮನೆಯಲ್ಲಿ ನಾನೊಬ್ಬಳೇ, ಅಮ್ಮ ತವರಿಗೆ ಹೋಗಿದ್ದರು. ಅಲ್ಲಿಂದ ಸೀದಾ ನಿನ್ನಲ್ಲಿಗೆ ಬರುತ್ತಾರಂತೆ. ಸೌತೆಕಾಯಿ, ಕನ್ನಡಿ ಎಲ್ಲ ಇಟ್ಟು, ಕಣ್ಣು ಮುಚ್ಚಿಕೊಂಡು ಗೋಡೆ ತಡವುತ್ತಾ ಬಂದು ಕಣಿ ಕಂಡೆ. ಕಣ್ಣು ಬಿಡುವ ಮೊದಲು ಒಂದು ಕ್ಷಣ ಹೆದರಿಕೆ ಆಯಿತು. ಯಾಕೆ ಎಂದು ಕೆಳಗೆ ಓದಿದರೆ ಗೊತ್ತಾಗುತ್ತದೆ. ಮಗುವಿಗೆ ಹಾಲು ಕೊಡುವಾಗ ಓದಬೇಡ.

ವಿಷುವಿನ ಮೊದಲು ನಾವು ಪುನಃ ನೆಕ್ಕರೆಗುಡ್ಡೆಗೆ ಹೋದೆವು. ಈ ಸಲ ಜೀಪನ್ನು ಬಸ್ ಸ್ಟಾಪಿನ ಹತ್ತಿರವೇ ಬಿಟ್ಟು, ಬೆಳಿಗ್ಗೆ ಬೇಗ, ಹಿಂದಿನ ಬದಿಯ ಕಾಲುದಾರಿಯಲ್ಲಿ ಹತ್ತಿದೆವು. ಬಿಸಿಲು ಬಂದಿರಲಿಲ್ಲ. ಇಬ್ಬನಿ ಹೊಗೆಯ ಹಾಗೆ ಕೆಂಪು ಮುರಕಲ್ಲಿನ ಮೇಲೆ ಕೂತಿತ್ತು. ಅರ್ಧ ಹತ್ತುವಾಗ ಮಕ್ಕಳ ಸ್ವರ ಕೇಳಿಸತೊಡಗಿತು. ತುಳುವಿನಲ್ಲಿ ಏನೋ ಜಗಳ, ಯಾರೋ ಯಾರನ್ನೋ ಛೇಡಿಸುವುದು, ಬಕೆಟ್‌ಗೆ ಬೀಜ ಬೀಳುವ ಟಪಟಪ. ನನಗೆ ಖುಷಿಯೇ ಆಯಿತು ಎಂದರೆ ನಂಬುತ್ತೀಯಾ? ಭೂತ ಅಲ್ಲ, ಮಕ್ಕಳೇ ಎಂದು.

ಆಗ ಎಲ್ಲೋ ಮೇಲಿನಿಂದ ಕೆಂಬೂತ ಕೂಗಿತು. ಕೂಗಿದ್ದು ಕೆಂಬೂತ ಅಲ್ಲ ಎಂದು ನಮಗೆ ಹೊಳೆಯುವಷ್ಟರಲ್ಲಿ ಗುಡ್ಡೆ ಪೂರ್ತಿ ಮೌನ. ಓಡುವ ಕಾಲಿನ ಸದ್ದು ಕೂಡ ಕೇಳಲಿಲ್ಲ. ನಾವು ಏದುಸಿರು ಬಿಟ್ಟುಕೊಂಡು ಮೇಲೆ ಮುಟ್ಟಿದರೆ ಅದೇ ಬಕೆಟ್‌ಗಳು, ಅದೇ ಒಸರುವ ಹಣ್ಣು. ಈ ಸಲ ಔಷಧಿಯ ಡ್ರಮ್ಮೂ ಇತ್ತು. ಮುಚ್ಚಳ ತೆಗೆದದ್ದು, ಕಲಕುವ ಕೋಲು ಅದರಲ್ಲೇ. ಮೂಗಿಗೆ ಘಾಟು ಹೊಡೆಯಿತು.

ಸುಧೀರ್ ಆಚೆ ಬದಿ ಹುಡುಕಲು ಹೋದ. ನಾನು ಗುಡ್ಡೆಯ ಸೆರಗಿನಲ್ಲಿ ಇಳಿದೆ. ಅಲ್ಲಿ ಕಡಿದಾದ ಮಣ್ಣಿನ ದರೆಗೆ ತಾಗಿ ಒಂದು ಹಳೆಯ ಸುರಂಗ, ನಮ್ಮ ಅಜ್ಜನ ಮನೆಯಲ್ಲಿ ಇದ್ದಂಥದ್ದೇ. ಮುರಕಲ್ಲು ಕೊರೆದು ಗುಡ್ಡೆಯ ಹೊಟ್ಟೆಯಿಂದ ನೀರು ತರುವುದು, ಒಬ್ಬರು ಬಾಗಿ ಹೋಗುವಷ್ಟೇ ಜಾಗ. ಬಾಯಿಗೆ ತೆಂಗಿನ ಮಡಲು ಅಡ್ಡ ಇಟ್ಟಿದ್ದರು. ಪಕ್ಕದಲ್ಲಿ ಒಬ್ಬ ಮುದುಕಿ ಕೂತು ಹಣ್ಣಿನಿಂದ ಬೀಜ ಬಿಡಿಸುತ್ತಿದ್ದಳು. ಅಮ್ಮು ಎಂದು ಅವಳ ಹೆಸರು.

“ಅದರ ಹತ್ತಿರ ಹೋಗಬೇಡಿ ಅಕ್ಕೆರೆ” ಎಂದಳು. “ನೀರು ಬತ್ತಿ ಎಷ್ಟೋ ಕಾಲ ಆಯಿತು. ಹಾವು ಉಂಟು.”

ಮಡಲಿನ ಅಡಿಯಿಂದ ನೀರು ಬರುತ್ತಿತ್ತು. ಬೆರಳಿನಷ್ಟು ದಪ್ಪದ ನೀರು, ಕೆಂಪು ಕೆಂಪಾಗಿ ಕಲಕಿ.

ನಾನು ಕೂತೆ. ಮಡಲಿಗೆ ಕಿವಿ ಕೊಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಒಳಗೆ ಏನೋ ಮೆಲ್ಲ ಉಬ್ಬಿದ ಹಾಗೆ, ಇಳಿದ ಹಾಗೆ. ಒಂದು ದೊಡ್ಡ ಪ್ರಾಣಿ ಮಲಗಿ ಉಸಿರಾಡಿದರೆ ಹೇಗೆ, ಹಾಗೆ. ನಿನ್ನಾಣೆ ಅಕ್ಕ, ಎದ್ದು ಓಡಬೇಕು ಅನಿಸಿತು. ಅದು ತುಂಬ ಜನ ಒಟ್ಟಿಗೆ ಉಸಿರು ಹಿಡಿದು, ತಡೆಯಲಾರದೆ ಒಟ್ಟಿಗೆ ಬಿಡುವ ಶಬ್ದ.

“ಹೊರಗೆ ಬನ್ನಿ ಮಕ್ಕಳೇ, ನಾನು ಏನೂ ಮಾಡುವುದಿಲ್ಲ” ಎಂದು ಕನ್ನಡದಲ್ಲಿ ಕರೆದೆ, ತುಳುವಿನಲ್ಲಿ ಕರೆದೆ. ಉಸಿರೂ ನಿಂತುಹೋಯಿತು. ಬೇಸಗೆಯಲ್ಲಿ ಸುರಂಗದ ಗಾಳಿ ಒಳ್ಳೆಯದಲ್ಲ ಎಂದು ಅಜ್ಜ ಹೇಳುತ್ತಿದ್ದದ್ದು ನೆನಪಾಯಿತು. ನಾನು ಕೂತಷ್ಟು ಹೊತ್ತು ಅವರು ಒಳಗೇ ಇರುತ್ತಾರೆ ಎಂದೂ ಹೊಳೆಯಿತು. ಮಡಲು ಎಳೆದು ಹಾಕಿ, ಸೀರೆ ಸಿಕ್ಕಿಸಿ, ಫೋನಿನ ಟಾರ್ಚ್ ಹಿಡಿದು ಒಳಗೆ ಬಾಗಿದೆ. ಅಮ್ಮು ಹಿಂದಿನಿಂದ ನನ್ನ ಸೆರಗು ಹಿಡಿದಳು. ಬಿಡಿಸಿಕೊಂಡೆ.

ಒಂದು ತಿರುವಿನ ಆಚೆ ಅವರಿದ್ದರು. ಸಾಲಾಗಿ, ಒಬ್ಬರ ಹಿಂದೆ ಒಬ್ಬರು, ನನ್ನ ಕಡೆಗೆ ಮುಖ ಮಾಡಿ, ಪಾದ ಮುಳುಗುವ ನೀರಿನಲ್ಲಿ. ಪ್ರತಿಯೊಬ್ಬ ಮಗುವಿನ ಬಾಯಿಯ ಮೇಲೆ ಒಂದು ಕೈ. ಹಿಂದೆ ನಿಂತವರ ಕೈ ಮುಂದಿನವರ ಬಾಯಿ ಮುಚ್ಚಿತ್ತು, ಅವರ ಬಾಯಿಯನ್ನು ಅವರ ಹಿಂದಿನವರು. ಹೀಗೆ ಕತ್ತಲೆಯವರೆಗೂ. ಟಾರ್ಚಿನ ಬೆಳಕಿನಲ್ಲಿ ಬರೇ ಕಣ್ಣುಗಳು ಮತ್ತು ಸೊನೆಯಿಂದ ಕಪ್ಪಾದ ಬೆರಳುಗಳು. ಒಂದು ಕಣ್ಣೂ ಮಿಟುಕಲಿಲ್ಲ.

“ಚಳಿ ಆಗುವುದಿಲ್ಲವಾ?” ಎಂದು ಕೇಳಿದೆ. ಎದುರಿನ ಹುಡುಗಿ ಅಳತೊಡಗಿದಳು, ಬಾಯಿ ಮುಚ್ಚಿಕೊಂಡೇ.

ಒಬ್ಬೊಬ್ಬರನ್ನಾಗಿ ಹೊರಗೆ ತಂದೆ. ಹೆಚ್ಚಿನವರು ಎಂಟನೇ, ಒಂಬತ್ತನೇ ಕ್ಲಾಸು ಮುಗಿಸಿದವರು. ಕೆಲವರು ಅದಕ್ಕೂ ಸಣ್ಣವರು. ಎಲ್ಲರಿಗಿಂತ ಒಳಗೆ ಇದ್ದದ್ದು ಎಲ್ಲರಿಗಿಂತ ಸಣ್ಣ ಮಗು, ಪ್ರಾಪ್ತಿ ಅಂತ, ನಾಲ್ಕನೇ ಕ್ಲಾಸು. ಅಕ್ಕಂದಿರ ಜೊತೆ ಬಂದದ್ದು. ನಾನೇ ಎತ್ತಿಕೊಂಡು ಬಂದೆ. ಬಿಸಿಲಿಗೆ ಬಂದ ಮೇಲೆ ನನ್ನ ಕಿವಿಯ ಹತ್ತಿರ ಹೇಳಿತು, “ಒಳಗೆ ಇನ್ನೊಬ್ಬರು ಇದ್ದಾರೆ.”

“ನೀನು ಕೊನೆಯವಳಲ್ಲವಾ?”

“ಅಲ್ಲ. ನನ್ನ ಬಾಯಿ ಮುಚ್ಚಿದ್ದಾರಲ್ಲ.”

ಯಾರು ಎಂದು ಕೇಳಿದೆ. ಪ್ರಾಪ್ತಿ ಉಳಿದ ಮಕ್ಕಳ ಕಡೆ ನೋಡಿತು. ಅವರೆಲ್ಲ ನೆಲ ನೋಡುತ್ತಿದ್ದರು. “ಗೊತ್ತಿಲ್ಲ. ಕೈ” ಎಂದಿತು.

ಇನ್ಯಾರಾದರೂ ಇದ್ದಾರಾ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಇಲ್ಲ, ಇಲ್ಲ, ಇಲ್ಲ. ಸುರಂಗದ ಪಕ್ಕ ಕಲ್ಲಿನ ಹಿಂದೆ ಅವರ ಚಪ್ಪಲಿಗಳಿದ್ದವು. ಎಲ್ಲರೂ ತಮ್ಮ ತಮ್ಮದು ಹಾಕಿಕೊಂಡರು. ಒಂದು ಜೋಡಿ ಉಳಿಯಿತು. ನೀಲಿ ಪಟ್ಟಿಯದ್ದು, ನನ್ನ ಕಾಲಿನ ಅಳತೆ.

“ಇದು ಯಾರದ್ದು?”

“ಯಾರದ್ದೂ ಅಲ್ಲ” ಎಂದಳು ಒಬ್ಬಳು.

ಅಷ್ಟು ಹೊತ್ತಿಗೆ ಲೋಕನಾಥ ಬಂದಿದ್ದರು. ಅವರ ಮುಖದಲ್ಲಿ ಗಾಬರಿಯೇ ಇಲ್ಲ. ಪ್ರಾಪ್ತಿ ಹೇಳಿದ್ದನ್ನು ಸುಧೀರ್ ಅವರಿಗೆ ಹೇಳಿದ. ಲೋಕನಾಥ ಸ್ವರ ತಗ್ಗಿಸಿದರು. “ಅದು ಇದ್ದದ್ದೇ ಮೇಡಂ. ಈ ಸುರಂಗ ತೋಡುವಾಗ ಮಣ್ಣು ಜರಿದು ಒಬ್ಬಳು ಹೋಗಿದ್ದಾಳೆ, ನನ್ನ ಅಜ್ಜನ ಕಾಲದಲ್ಲಿ. ಆಮೇಲೆ ಒಳಗೆ ಎಷ್ಟು ಜನ ಹೋದರೂ ಒಬ್ಬರು ಹೆಚ್ಚೇ. ಇಲ್ಲಿಯವರನ್ನು ಯಾರನ್ನು ಬೇಕಾದರೂ ಕೇಳಿ.” ಅಮ್ಮು ತಲೆ ಆಡಿಸಿದಳು. ಮಕ್ಕಳೂ ತಲೆ ಆಡಿಸಿದರು, ಎಲ್ಲರೂ ಒಟ್ಟಿಗೆ.

ಆದರೂ ಫಯರ್ ಫೋರ್ಸಿಗೆ ಫೋನ್ ಮಾಡಿದೆ. ಅವರು ಮಾಸ್ಕು, ಸಿಲಿಂಡರು ಹಾಕಿಕೊಂಡು ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದರು. ಒಳಗೆ ಯಾರೂ ಇಲ್ಲ. ಆದರೆ ಒಂದು ಕವಲು ಉಂಟು, ಅದರ ತುದಿಯಲ್ಲಿ ಗಾಳಿಗೆ ಎಂದು ಮೇಲಕ್ಕೆ ಕೊರೆದ ಬಾವಿಯಂಥ ಗುಂಡಿ, ಗುಡ್ಡೆಯ ಆಚೆ ಬದಿಗೆ ತೆರೆಯುತ್ತದೆ ಎಂದರು. ಗುಂಡಿಯ ಗೋಡೆಯಲ್ಲಿ ಒದ್ದೆ ಕೆಂಪು ಮಣ್ಣಿನ ಬೆರಳ ಗುರುತು. “ಮುಳ್ಳುಹಂದಿ ಇರಬಹುದು” ಎಂದ ಅವರಲ್ಲಿ ಒಬ್ಬ.

ಮಕ್ಕಳನ್ನು ಆ ದಿನವೇ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದುಕೊಂಡು ಹೋಗಿ, ಸಂಜೆಗೆ ಮನೆಯವರ ಕೈಗೆ ಒಪ್ಪಿಸಿದೆವು. ನೀಲಿ ಪಟ್ಟಿಯ ಚಪ್ಪಲಿ ನನ್ನ ಆಫೀಸಿನ ಮೇಜಿನ ಅಡಿಯಲ್ಲಿದೆ. ಕೂತು ಕೆಲಸ ಮಾಡುವಾಗ ಕಾಲಿಗೆ ತಾಗುತ್ತದೆ.

ಅಮ್ಮನಿಗೆ ಬೆಲ್ಲ ಹಾಕಿದ ಲೇಹ್ಯ ಜಾಸ್ತಿ ಮಾಡಲು ಬಿಡಬೇಡ, ಅವರಿಗೇ ಸಕ್ಕರೆ ಉಂಟು. ನೀನು ಚೆನ್ನಾಗಿ ನಿದ್ದೆ ಮಾಡು.

ನಿನ್ನ
ವಾಣಿ


ನಾಯ್ಮಾರ್ಮೂಲೆ
4 ಮೇ 2025

ಪ್ರೀತಿಯ ಅಕ್ಕ,

ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಕ್ಷಮಿಸು. ನಿನ್ನ ಎರಡನೇ ಕಾಗದವೂ ಬಂದು ಕೂತಿದೆ, ಅದರಲ್ಲಿ ನೀನು ಕೇಳಿದ್ದು ಒಂದೇ: ‘ಆ ಚಪ್ಪಲಿ ಯಾರದ್ದು, ಗೊತ್ತಾಯಿತಾ?’ ಗೊತ್ತಾಯಿತು. ಭೂತಕ್ಕೆ ಒಂದು ಹೆಸರು ಉಂಟು, ಶಾಲೆಯ ಹಾಜರಿಯಲ್ಲಿ ನಂಬರೂ ಉಂಟು.

ಆ ಊರಿನ ಶಾಲೆಯ ಜನಾರ್ದನ ಮಾಸ್ಟ್ರನ್ನು ಹುಡುಕಿಕೊಂಡು ಹೋದೆ. ರಜೆ ಆದ್ದರಿಂದ ಮನೆಯಲ್ಲಿ ಹಪ್ಪಳ ಒಣಗಿಸಲು ಹೆಂಡತಿಗೆ ಸಹಾಯ ಮಾಡುತ್ತಿದ್ದರು. ಸುರಂಗದಿಂದ ಬಂದ ಮಕ್ಕಳ ಹೆಸರು ಹೇಳಿದೆ. ಕೇಳುತ್ತಾ ಕೇಳುತ್ತಾ ಮಾಸ್ಟ್ರು, “ಮೋಕ್ಷಿತಾ ಇರಲಿಲ್ಲವಾ?” ಎಂದು ಬಿಟ್ಟರು. ಹೇಳಿದ ಮೇಲೆ ಹೇಳಬಾರದಿತ್ತು ಅನಿಸಿರಬೇಕು. ಹಪ್ಪಳ ಮಗುಚತೊಡಗಿದರು.

ಕೊನೆಗೆ ಅವರೇ ಒಂದೊಂದಾಗಿ ಹೇಳಿದರು. ಮೋಕ್ಷಿತಾ ಅಮ್ಮುವಿನ ಮೊಮ್ಮಗಳು. ಹದಿನಾರು. ಮಾರ್ಚಿನಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆ ಬರೆದಿದ್ದಾಳೆ, ಕನ್ನಡ ಮೀಡಿಯಂ, ಓದುವುದರಲ್ಲಿ ಮುಂದು. ಗುಡ್ಡೆಯಲ್ಲಿ ಮಕ್ಕಳಿಗೆಲ್ಲ ಅವಳೇ ದೊಡ್ಡವಳು. ಕೆಂಬೂತದ ಕೂಗು ಕೂಡ ಅವಳದ್ದೇ. ಲೋಕನಾಥ ಡ್ರಮ್ಮಿನಲ್ಲಿ ಔಷಧಿ ಕಲಕುವ ಕೆಲಸ ಅವಳಿಗೇ ಕೊಟ್ಟಿದ್ದರಂತೆ, ಅಳತೆ ಓದಲು ಬರುತ್ತದೆಂದು. ಕೈಗೆ ಗ್ಲೌಸ್ ಇಲ್ಲ, ಏನೂ ಇಲ್ಲ.

ಈಗ ನಿನಗೆ ಅರ್ಥ ಆಗಿರಬಹುದು. ಬೀಜ ಹೆಕ್ಕಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಹದಿನಾಲ್ಕು ಕಳೆದಿದೆ, ಅವರ ಲೆಕ್ಕದಲ್ಲಿ ಲೋಕನಾಥರ ಮೇಲೆ ಹೊತ್ತು ಮೀರಿದ ತಪ್ಪು ಮಾತ್ರ. ಸಣ್ಣವರ ಕೇಸು ಉಂಟು, ಅದಕ್ಕೆ ಅವರು ವಕೀಲರನ್ನು ಹಿಡಿದು ಆಯಿತು, ಅಕ್ಕಂದಿರ ಜೊತೆ ಆಟಕ್ಕೆ ಬಂದದ್ದು ಎನ್ನುತ್ತಾರೆ. ವಿಷ ಕಲಕಿಸಿದ್ದು ಹಾಗಲ್ಲ, ಅದರಲ್ಲಿ ಜಾರಲು ಆಗುವುದಿಲ್ಲ. ಆದರೆ ಕಲಕಿದವಳು ಬೇಕಲ್ಲ. ಅವಳು ಇಲ್ಲದಿದ್ದರೆ ಕೋಲು ಡ್ರಮ್ಮಿನಲ್ಲಿ ತಾನಾಗಿಯೇ ನಿಂತಿತ್ತು ಎನ್ನುತ್ತಾರೆ.

ಅವಳ ಮನೆಗೆ ಹೋದೆ. ಅಂಗಳದ ಹಗ್ಗದಲ್ಲಿ ಒಂದು ಚೂಡಿದಾರ್ ಒಣಗುತ್ತಿತ್ತು. ತಾಯಿ ರಾಜೀವಿ ಹೊರಗೆ ಬಂದಳು, ನನ್ನನ್ನು ನೋಡಿದಳು, ಮೊದಲು ಹೋಗಿ ಆ ಚೂಡಿದಾರನ್ನು ಎಳೆದು ಒಳಗೆ ಎಸೆದು ಬಂದಳು. ಆಮೇಲೆ “ಎಂತ?” ಎಂದಳು.

“ಮೋಕ್ಷಿತಾ ಇದ್ದಾಳಾ?”

“ಯಾರು?”

“ನಿಮ್ಮ ಮಗಳು.”

“ನನಗೆ ಮಗಳಿಲ್ಲ. ಒಬ್ಬ ಮಗ, ಅವನು ಮೊಗ್ರಾಲಿನಲ್ಲಿ ಬೋಟಿಗೆ ಹೋಗುತ್ತಾನೆ.”

ಇದನ್ನು ಅವಳು ನನ್ನ ಕಣ್ಣು ನೋಡಿ ಹೇಳಿದಳು, ಅಕ್ಕ. ಸ್ವರ ನಡುಗಲಿಲ್ಲ. ನಾನೇ ತಪ್ಪು ಮನೆಗೆ ಬಂದೆನೋ ಎಂದು ಒಂದು ನಿಮಿಷ ಅನಿಸಿತು. ಪಕ್ಕದ ಮನೆಯಲ್ಲಿ ಕೇಳಿದೆ. ಮೋಕ್ಷಿತಾ? ಇಲ್ಲಪ್ಪ. ಅಂಗಡಿಯಲ್ಲಿ ಕೇಳಿದೆ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ. ಪ್ರಾಪ್ತಿಯ ಮನೆಯಲ್ಲಿ ಕೇಳಿದೆ. ಆ ಮಗು ತಾಯಿಯ ಹಿಂದೆ ನಿಂತುಕೊಂಡು, “ಅದು ಭೂತ” ಎಂದಿತು. ಕಲಿಸಿಕೊಟ್ಟದ್ದನ್ನು ಚೆನ್ನಾಗಿ ಕಲಿತಿದೆ. ಇಡೀ ಊರು ಒಂದು ಹುಡುಗಿಯನ್ನು ಉಜ್ಜಿ ಒರೆಸಿ ತೆಗೆದಿದೆ, ನೆಲ ಒರೆಸಿದ ಹಾಗೆ.

ವಾಪಸು ಬರುವಾಗ ಒಂದು ಮನೆಯೊಳಗೆ ಮಗು ಹಟ ಮಾಡುತ್ತಿತ್ತು. ತಾಯಿ ಹೇಳಿದಳು, “ಸುಮ್ಮನಿರು, ಲೇಬರ್ ಮೇಡಂ ಬಂದರು. ಚೀಲದಲ್ಲಿ ಹಾಕಿಕೊಂಡು ಹೋಗುತ್ತಾರೆ.” ಮಗು ತಕ್ಷಣ ಸುಮ್ಮನಾಯಿತು. ನಾನು ಗೇಟಿನ ಹೊರಗೆ ನಿಂತಿದ್ದೆ. ಅವಳಿಗೆ ನಾನು ಕಾಣುತ್ತಿರಲಿಲ್ಲ, ಅವಳು ಸುಮ್ಮನೆ ಹೆದರಿಸಲು ಹೇಳಿದ್ದು.

ರಾಜೀವಿಯ ಮೇಲೆ ನನಗೆ ಸಿಟ್ಟಿಲ್ಲ. ಹುಡುಗಿ ಸಿಕ್ಕಿದರೆ ಸರಕಾರದ ಮಕ್ಕಳ ಹೋಮಿಗೆ ಹಾಕುತ್ತಾರೆ, ತಂದೆ ತಾಯಿ ಮೇಲೂ ಕೇಸು ಬೀಳುತ್ತದೆ ಎಂದು ಲೋಕನಾಥ ಮನೆ ಮನೆಗೆ ಹೋಗಿ ಹೇಳಿದ್ದಾರಂತೆ. ಹಾಗಲ್ಲ ಎಂದು ಹೇಳುವಷ್ಟು ಹೊತ್ತು ನನ್ನ ಎದುರು ಯಾರೂ ನಿಲ್ಲುವುದಿಲ್ಲ. ಇನ್ನು ಕೆಲವು ದಿನದಲ್ಲಿ ಹತ್ತನೇ ಕ್ಲಾಸಿನ ರಿಸಲ್ಟ್ ಬರುತ್ತದೆ. ಇಲ್ಲದ ಹುಡುಗಿಯ ಮಾರ್ಕನ್ನು ಯಾರು ನೋಡುತ್ತಾರೋ.

ಸರಿ, ಬಾಣಂತಿಗೆ ಇಂಥದ್ದೆಲ್ಲ ಬರೆಯುತ್ತೇನೆಂದು ಗೊತ್ತಾದರೆ ನಿನ್ನ ಅತ್ತೆ ಕಾಗದಕ್ಕೂ ಬೀಗ ಹಾಕಿಯಾರು. ಅಮ್ಮ ನಾಡಿದ್ದು ಬರುತ್ತಾರೆ ಎಂದು ಫೋನ್ ಮಾಡಿದ್ದರು, ನಿನ್ನ ಮುಖ ತುಂಬಿಕೊಂಡಿದೆಯಂತೆ. ಕೇಳಿ ಸಮಾಧಾನ ಆಯಿತು. ಪುಟ್ಟಿಗೆ ದೃಷ್ಟಿ ತಾಗದಿರಲಿ, ಹೊಟ್ಟೆ ತುಂಬ ಹಾಲು ಕುಡಿದು ಕಣ್ಣು ತುಂಬ ನಿದ್ದೆ ಮಾಡಲಿ. ದೊಡ್ಡವನಿಗೆ ಚಿಕ್ಕಮ್ಮ ಒಂದು ಚೆಂಡು ತರುತ್ತಾಳೆ ಎಂದು ಹೇಳು.

ನಿನ್ನ ತಂಗಿ
ವಾಣಿ

ಮರೆತ ಮಾತು: ಮರೆತದ್ದಲ್ಲ, ಬರೆಯುವಾಗ ಗೊತ್ತಿರಲಿಲ್ಲ. ಕಾಗದವನ್ನು ಚೀಲದಲ್ಲಿ ಇಟ್ಟುಕೊಂಡು ಪೋಸ್ಟ್ ಮಾಡದೆ ತಿರುಗುತ್ತಿದ್ದೆ. ಇವತ್ತು ಅಮ್ಮ ಬಂದರು. ಕಾಲು ತೊಳೆದು ಕೂತು, ನಿನ್ನ ಸುದ್ದಿ ಎಲ್ಲ ಹೇಳಿ, ಕೊನೆಗೆ ಹೇಳಿದರು: “ಇನ್ನು ನಿನ್ನ ಅಕ್ಕನ ಚಿಂತೆ ಇಲ್ಲ. ಎಷ್ಟು ಒಳ್ಳೆಯ ಹುಡುಗಿ ಸಿಕ್ಕಿದಳು. ಮನೆಯಲ್ಲಿ ಇದ್ದಾಳೆಂದೇ ಗೊತ್ತಾಗುವುದಿಲ್ಲ.”

ಯಾವ ಹುಡುಗಿ ಎಂದು ಕೇಳಿದೆ. ವಿಷುವಿಗೆ ತವರಿಗೆ ಹೋದಾಗ ಅಮ್ಮು ಬಂದಿದ್ದಳಂತೆ, ನಾವು ಹುಟ್ಟುವ ಮೊದಲು ಅಜ್ಜನ ಮನೆಗೆ ಕೆಲಸಕ್ಕೆ ಬರುತ್ತಿದ್ದವಳು. ಮೊಮ್ಮಗಳನ್ನು ಎಲ್ಲಾದರೂ ದೂರ, ಮರ್ಯಾದಸ್ಥರ ಮನೆಯಲ್ಲಿ ಇಡಬೇಕು ಎಂದಳಂತೆ. ಅಮ್ಮನೇ ಬಸ್ಸಿನಲ್ಲಿ ಕೂರಿಸಿಕೊಂಡು ಸುರತ್ಕಲ್‌ಗೆ ಬಂದು ನಿನ್ನ ಕೈಗೆ ಒಪ್ಪಿಸಿದ್ದು. “ಕೈಯ ಚರ್ಮ ಎಲ್ಲ ಎದ್ದಿತ್ತು ಪಾಪ, ಎಣ್ಣೆ ಹಚ್ಚಿದೆ” ಎಂದರು ಅಮ್ಮ.

ನೀನು ನನಗೆ ಯಾಕೆ ಬರೆಯಲಿಲ್ಲ ಎಂದು ಕೇಳುವುದಿಲ್ಲ. ಮನೆಕೆಲಸಕ್ಕೆ ಹುಡುಗಿ ಬಂದದ್ದು ಕಾಗದದಲ್ಲಿ ಬರೆಯುವ ಸುದ್ದಿ ಎಂದು ನಮಗೆ ಯಾರಿಗೂ ಅನಿಸುವುದಿಲ್ಲ. ಹದಿನಾರು ಆದವಳು, ಕಾನೂನಿನ ಪ್ರಕಾರ ನಿನ್ನ ಮೇಲೆ ಏನೂ ಇಲ್ಲ, ಹೆದರಬೇಡ. ಗುಡ್ಡೆಗೆ ಇರುವ ಗಂಟೆಯ ಲೆಕ್ಕ ಮನೆಯೊಳಗೆ ಇಲ್ಲ. ಅಲ್ಲಿ ಎಂಟರ ಮೊದಲು ಕೂಡದು ಎಂದು ಹೇಳಲು ನಾನು ಇಬ್ಬನಿಯಲ್ಲಿ ಗುಡ್ಡೆ ಹತ್ತಿ ಹೋದೆ. ನಿನ್ನ ಮನೆಯಲ್ಲಿ ಅವಳು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾಳೆ, ಅಕ್ಕ?

ನನ್ನ ಮೊದಲಿನ ಎರಡು ಕಾಗದ ಎಲ್ಲಿ ಇಟ್ಟಿದ್ದೀ? ಅವಳಿಗೆ ಕನ್ನಡ ಓದಲು ಬರುತ್ತದೆ. ಇದನ್ನು ಓದಿದ ಮೇಲೆ ನಿನ್ನ ಹತ್ತಿರವೇ ಇಟ್ಟುಕೋ.

ಶನಿವಾರ ಬೆಳಗಿನ ಟ್ರೈನಿಗೆ ಬರುತ್ತೇನೆ. ನಾನು ಬರುವುದನ್ನು ಅವಳಿಗೆ ಮಾತ್ರ ಹೇಳಬೇಡ.